ಹತ್ತೋದ್ರೊಳಗೆ ಇಳಿಯೋ ವಿಮಾನ

ಸೀಟ್‌ಬೆಲ್ಟ್ ಹಾಕ್ಕೊಳ್ಳಿ. ಆದ್ರೆ ನಿದ್ದೆ ಮಾಡೋ ಆಸೆ ಬಿಡಿ!

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ವಿಮಾನ ಇದೆ. ದೂರ ಎಷ್ಟು? ಬರೀ 2.7 ಕಿಲೋಮೀಟರ್. ನಮ್ಮ ಕೆಂಪೇಗೌಡ ಏರ್‌ಪೋರ್ಟಿನ ರನ್‌ವೇನೇ 4 ಕಿಲೋಮೀಟರ್ ಇದೆ ಮಾರಾಯ್ರೆ!

ವೇಳಾಪಟ್ಟಿಯಲ್ಲಿ 2 ನಿಮಿಷ. ಗಾಳಿ ಅನುಕೂಲವಾಗಿದ್ದು, ಏರಿದ ದಿಕ್ಕಲ್ಲೇ ನೇರ ಇಳಿಯೋಕೆ ಸಿಕ್ಕರೆ ಇನ್ನೂ ಬೇಗ. ದಾಖಲೆ 53 ಸೆಕೆಂಡ್! ಗಾಳಿ ತಿರುಗಿತೋ, ಸುತ್ತು ಹಾಕಿ ಇಳೀಬೇಕು. ದೂರ ಇಷ್ಟು ಕಮ್ಮಿ ಇದ್ದಾಗ ಸ್ಪೀಡಿಗಿಂತ ತಿರುವೇ ಜಾಸ್ತಿ ಟೈಮ್ ತಿನ್ನುತ್ತೆ.

ವಿಮಾನವೂ ಪುಟ್ಟದು: ಎರಡು ಪ್ರೊಪೆಲರ್, ಒಬ್ಬರೇ ಪೈಲಟ್. ಅವರ ಪಕ್ಕದ ಸೀಟಲ್ಲಿ ಪ್ರಯಾಣಿಕರೂ ಕೂರಬಹುದು.

ಇದು ಬರೀ ಶೋಕಿಗಲ್ಲ. 1967ರಿಂದ ಆ ದ್ವೀಪಗಳ ಟೀಚರು, ಡಾಕ್ಟರು, ರೋಗಿಗಳು ಇದರಲ್ಲಿ ಓಡಾಡ್ತಾರೆ.