ಪರದೇಶದಲ್ಲಿ ಇಳಿವಯಸ್ಸಿನ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರು ಉಂಡುಟ್ಟು ಕಂಡ ಅನುಭವದಿಂದ ಆಡಿದ ಮಾತು. ಮಕ್ಕಳ ಮದುವೆ ಮುಗಿಸಿ, ಉದ್ಯೋಗದ ಭಾರ ಇಳಿಸಿದ ಮೇಲೆ ಮತ್ತೊಮ್ಮೆ ಹೊಸ ಸಂಸಾರ ಹೂಡಬೇಕಾಗಿ ಬಂದರೆ, ಅದೂ ಭಾಷೆ ಬಾರದ ಪರದೇಶದಲ್ಲಿ ಹೂಡಬೇಕಾದರೆ, ಆ ಮಾತಿನ ತೂಕ ಇಮ್ಮಡಿಯಾಗುತ್ತದೆ. ಆದರೂ ಅಮೆರಿಕ, ಬ್ರಿಟನ್, ಜರ್ಮನಿ ಮುಂತಾದ ದೇಶಗಳ ಸಾವಿರಾರು ವೃದ್ಧರು ತಮ್ಮ ನಿವೃತ್ತಿವೇತನದಲ್ಲಿ ಸ್ವದೇಶದ ಬಾಡಿಗೆಯನ್ನೂ ಬೆಲೆಯನ್ನೂ ತಾಳಲಾರದೆ ಅಗ್ಗದ ನಾಡುಗಳನ್ನು ಅರಸಿ ಹೋಗುತ್ತಿದ್ದಾರೆ. ಅಂಥವರು ಆರಿಸಿಕೊಳ್ಳುವ ಊರುಗಳಲ್ಲಿ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಒಂದು.

ಈ ದೂರದ ಊರಿನ ವಿಚಾರ ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಮನೆತನಗಳ ಮಕ್ಕಳೂ ಇಂದು ನಾನಾ ದೇಶಗಳಲ್ಲಿ ನೆಲಸಿದ್ದಾರೆ. ದುಡಿಮೆ ಮುಗಿದ ಮೇಲೆ ಎಲ್ಲಿ ಇರಬೇಕೆಂಬ ಪ್ರಶ್ನೆ ಅವರಿಗೂ ಬರುತ್ತದೆ. ಅನ್ಯರು ನಡೆದ ದಾರಿಯನ್ನು ತಿಳಿದುಕೊಂಡರೆ ಎಡವುವುದು ತಪ್ಪೀತು.

ಚಿಯಾಂಗ್ ಮಾಯ್ 1296ರಲ್ಲಿ ಮೆಂಗ್ರಾಯ್ ಅರಸನು ಕಟ್ಟಿಸಿದ ಪಟ್ಟಣ. ಹಳೆಯ ಊರಿನ ಸುತ್ತ ಚೌಕಾಕಾರದ ಕಂದಕ ಇಂದಿಗೂ ಉಂಟು. ಪೂರ್ವಕ್ಕೆ ಪಿಂಗ್ ನದಿ, ಪಶ್ಚಿಮಕ್ಕೆ ದೊಯಿ ಸುಥೆಪ್ ಬೆಟ್ಟ. ಒಳ್ಳೆಯ ಆಸ್ಪತ್ರೆಗಳು, ತುಂಬಿದ ಸಂತೆಗಳು, ಚಳಿಗಾಲದ ಹಿತವಾದ ಹವೆ ಇವು ವೃದ್ಧರನ್ನು ಸೆಳೆಯುತ್ತವೆ. ಐವತ್ತು ವರ್ಷ ತುಂಬಿದ ವಿದೇಶೀಯರು ನಿವೃತ್ತರೆಂದು ವರ್ಷವರ್ಷವೂ ವಾಸದ ಅನುಮತಿಯನ್ನು ಮುಂದುವರಿಸಿಕೊಳ್ಳಬಹುದು. ಅದಕ್ಕೆ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿಯನ್ನಾಗಲಿ, ತಿಂಗಳಿಗೆ 65,000 ಬಾತ್ ಆದಾಯವನ್ನಾಗಲಿ ತೋರಿಸಬೇಕು. ತೊಂಬತ್ತು ದಿನಕ್ಕೊಮ್ಮೆ ತಮ್ಮ ವಿಳಾಸವನ್ನು ಸರ್ಕಾರಕ್ಕೆ ತಿಳಿಸಬೇಕು. ಈ ಅನುಮತಿಯ ಮೇಲೆ ಅಲ್ಲಿ ಉದ್ಯೋಗ ಮಾಡುವಂತಿಲ್ಲ.

ಇನ್ನು ಮನೆಯ ವಿಚಾರ. ಮೊದಲು ತಿಳಿಯಬೇಕಾದುದೆಂದರೆ, ವಿದೇಶೀಯರು ಥಾಯ್ಲೆಂಡಿನಲ್ಲಿ ಸಾಮಾನ್ಯವಾಗಿ ಭೂಮಿಯ ಒಡೆಯರಾಗಲಾರರು. ಬಹುಮಹಡಿ ಕಟ್ಟಡದಲ್ಲಿ ಒಂದು ವಸತಿಯನ್ನು ಕೊಳ್ಳಬಹುದು. ಆದರೆ ಕಟ್ಟಡದ ಒಟ್ಟು ವಸತಿ ವಿಸ್ತೀರ್ಣದಲ್ಲಿ ಶೇಕಡಾ 49ಕ್ಕಿಂತ ಹೆಚ್ಚು ವಿದೇಶೀಯರ ಕೈಗೆ ಹೋಗಕೂಡದು, ಮತ್ತು ಹಣ ವಿದೇಶದಿಂದ ಬಂದುದಕ್ಕೆ ಬ್ಯಾಂಕಿನ ಪತ್ರವಿರಬೇಕು. ಭೂಮಿಯನ್ನು ಗೇಣಿಗೆ ಪಡೆದರೆ ಹೆಚ್ಚೆಂದರೆ 30 ವರ್ಷ. ಮೂರು ವರ್ಷ ಮೀರಿದ ಗೇಣಿಯನ್ನು ಭೂ ಕಚೇರಿಯಲ್ಲಿ ನೋಂದಾಯಿಸದಿದ್ದರೆ ಮೂರು ವರ್ಷದ ಆಚೆಗೆ ಅದು ನಿಲ್ಲದು. ಈ ಕಟ್ಟುಪಾಡಿನಿಂದ ತಪ್ಪಿಸಿಕೊಳ್ಳಲು ಸ್ಥಳೀಯರ ಹೆಸರಿನಲ್ಲಿ, ಇಲ್ಲವೆ ಕಾಗದದ ಮೇಲಷ್ಟೇ ಇರುವ ಕಂಪನಿಯ ಹೆಸರಿನಲ್ಲಿ ಭೂಮಿ ಕೊಳ್ಳುವವರುಂಟು. ಅದು ಕಾನೂನಿಗೆ ವಿರುದ್ಧ. ಜಗಳವಾದ ದಿನ ಹಣ ಕೊಟ್ಟವರ ಕೈ ಬರಿದಾಗುತ್ತದೆ. ಒಂದು ಜೀವಮಾನದ ಉಳಿತಾಯ ಹೀಗೆ ಮಣ್ಣುಗೂಡಿದರೆ ಅರವತ್ತೈದನೆಯ ವಯಸ್ಸಿನಲ್ಲಿ ಮತ್ತೆ ಗಳಿಸಲು ಕಾಲವೆಲ್ಲಿದೆ?

ಆದ್ದರಿಂದ ಮೊದಲ ವರ್ಷ ಬಾಡಿಗೆಗೆ ಇರುವುದೇ ವಿವೇಕ. ಆ ಒಂದು ವರ್ಷದಲ್ಲಿ ಊರಿನ ಎಲ್ಲ ಋತುಗಳನ್ನೂ ಕಾಣಬಹುದು. ಚಳಿಗಾಲದಲ್ಲಿ ಬಂದು ಮೋಹಗೊಂಡವರು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹೊಗೆಯನ್ನು ಕಂಡಿರುವುದಿಲ್ಲ. ಆಗ ಸುತ್ತಣ ಹೊಲ ಕಾಡುಗಳ ಬೆಂಕಿಯ ಹೊಗೆ ಕಣಿವೆಯಲ್ಲಿ ಕಟ್ಟಿಕೊಂಡು, ಉಬ್ಬಸವಿದ್ದವರಿಗೆ ಉಸಿರೇ ಕಷ್ಟವಾಗುತ್ತದೆ. 2024ರ ಮಳೆಗಾಲದ ಕೊನೆಯಲ್ಲಿ ಪಿಂಗ್ ನದಿ ಉಕ್ಕಿ ಪಟ್ಟಣದೊಳಕ್ಕೆ ನುಗ್ಗಿತು. ನದಿಯ ಬಳಿಯ ನೆಲಮಹಡಿಯ ಮನೆಗೆ ಬಾಡಿಗೆ ಏಕೆ ಕಡಿಮೆಯೆಂಬುದು ಅಂಥ ದಿನ ತಿಳಿಯುತ್ತದೆ.

ಪಟ್ಟಣದ ನಡುವಿಗಿಂತ ಹಾಂಗ್ ದೊಂಗ್, ಸಾನ್ ಸಾಯ್ ಮುಂತಾದ ಹೊರವಲಯಗಳಲ್ಲಿ ಅದೇ ಬಾಡಿಗೆಗೆ ದೊಡ್ಡ ಮನೆ ದೊರೆಯುತ್ತದೆ. ಆದರೆ ಅಲ್ಲಿ ವಾಹನವಿಲ್ಲದೆ ನಡೆಯದು. ಕಾರು ಓಡಿಸುವ ಶಕ್ತಿ ಕುಂದಿದ ದಿನ ಆಸ್ಪತ್ರೆಗೆ ಹೋಗುವುದು ಹೇಗೆಂದು ಈಗಲೇ ಯೋಚಿಸಬೇಕು. ಕಂಬಗಳ ಮೇಲೆ ನಿಂತ ಹಳೆಯ ತೇಗದ ಮನೆಗಳು ಕಣ್ಣಿಗೆ ಸೊಗಸು. ಮೊಣಕಾಲಿಗೆ ಆ ಮೆಟ್ಟಿಲುಗಳು ಸೊಗಸಲ್ಲ. ವಿದ್ಯುತ್ತಿನ ದರವನ್ನೂ ಮೊದಲೇ ಕೇಳಬೇಕು. ಕೆಲವು ಕಟ್ಟಡಗಳಲ್ಲಿ ಮಾಲೀಕರು ಸರ್ಕಾರಿ ದರಕ್ಕಿಂತ ಹೆಚ್ಚಾಗಿ ಯೂನಿಟ್ಟಿಗೆ ಹಣ ಪಡೆಯುತ್ತಾರೆ.

ಮನೆಯನ್ನು ಸಜ್ಜುಗೊಳಿಸುವುದರಲ್ಲಿಯೂ ಮಿತವೇ ಹಿತ. ಸ್ವದೇಶದಿಂದ ಹಡಗಿನಲ್ಲಿ ಸಾಮಾನು ತರಿಸುವ ವೆಚ್ಚಕ್ಕೆ ಅನೇಕ ವೇಳೆ ಅಲ್ಲಿಯೇ ಎಲ್ಲವನ್ನೂ ಹೊಸದಾಗಿ ಕೊಳ್ಳಬಹುದು. ಅಮೆರಿಕದ 120 ವೋಲ್ಟಿನ ಮಿಕ್ಸರು, ಇಸ್ತ್ರಿಪೆಟ್ಟಿಗೆಗಳು ಅಲ್ಲಿನ 220 ವೋಲ್ಟಿಗೆ ಸುಟ್ಟು ಹೋಗುತ್ತವೆ. ಬಾಡಿಗೆಯ ವಸತಿಗಳು ಬಹುಪಾಲು ಮಂಚ, ಕಪಾಟು, ಶೀತಕಪೆಟ್ಟಿಗೆಗಳೊಡನೆಯೇ ದೊರೆಯುತ್ತವೆ. ಊರು ಬಿಟ್ಟು ಹೊರಡುವ ವಿದೇಶೀಯರು ತಮ್ಮ ಸಾಮಾನುಗಳನ್ನು ಅರ್ಧಕ್ಕೂ ಕಡಿಮೆ ಬೆಲೆಗೆ ಮಾರುವುದುಂಟು. ಪಾತ್ರೆ ಬಟ್ಟೆಗಳಿಗೆ ನದಿಯ ಬಳಿಯ ವಾರೋರೊಟ್ ಸಂತೆ ಇದೆ; ಮರದ ಪೀಠೋಪಕರಣಕ್ಕೆ ಕೆತ್ತನೆಗೆ ಹೆಸರಾದ ಬಾನ್ ತವಾಯ್ ಹಳ್ಳಿ ಇದೆ. ನಲ್ಲಿಯ ನೀರನ್ನು ಕುಡಿಯುವ ರೂಢಿಯಿಲ್ಲ; 20 ಲೀಟರಿನ ಕ್ಯಾನುಗಳನ್ನು ಮನೆಗೆ ತರಿಸಿಕೊಳ್ಳುತ್ತಾರೆ. ಉಳಿದ ಹಣದಲ್ಲಿ ಮೊದಲು ಸ್ನಾನದ ಮನೆಯ ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸುವುದು ಲೇಸು.

ಇಷ್ಟೆಲ್ಲ ಲೆಕ್ಕ ಹಾಕಿದವರೂ ಒಂದು ಲೆಕ್ಕವನ್ನು ಮರೆಯುತ್ತಾರೆ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಆಗ ಉಳಿದವರ ಗತಿಯೇನು?

ವಾಸದ ಅನುಮತಿಯ ನಿಯಮದಂತೆ ಗಂಡನು ಠೇವಣಿಯ ಷರತ್ತನ್ನು ಪೂರೈಸಿದರೆ ಹೆಂಡತಿ ಅವನ ಅವಲಂಬಿತೆಯಾಗಿ ಇರಬಹುದು. ಗಂಡ ತೀರಿಕೊಂಡರೆ ಆ ಆಧಾರ ಕಳಚುತ್ತದೆ; ಆಕೆ ತನ್ನ ಹೆಸರಿನಲ್ಲಿಯೇ ಅರ್ಹತೆಯನ್ನು ತೋರಿಸಬೇಕು. ಅದೇ ವೇಳೆಗೆ ಅವನ ಹೆಸರಿನ ಬ್ಯಾಂಕಿನ ಹಣ ತಡೆಹಿಡಿಯಲ್ಪಡುತ್ತದೆ. ನ್ಯಾಯಾಲಯವು ಆಸ್ತಿಯ ನಿರ್ವಾಹಕರನ್ನು ನೇಮಿಸುವವರೆಗೆ ಅದು ಕೈಗೆ ಬಾರದು. ಥಾಯ್ ಕಾನೂನಿನಲ್ಲಿ ಬಾಡಿಗೆಯ ಹಕ್ಕು ಬಾಡಿಗೆದಾರನ ವೈಯಕ್ತಿಕ ಹಕ್ಕು. ಕರಾರು ಅವನೊಬ್ಬನ ಹೆಸರಿನಲ್ಲಿದ್ದರೆ ಅವನೊಡನೆಯೇ ಮುಗಿಯುತ್ತದೆ. ಹೀಗೆ ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ದುಃಖದ ದಿನಗಳಲ್ಲಿಯೇ ಮನೆ, ಹಣ, ಅನುಮತಿ ಮೂರಕ್ಕೂ ಕಚೇರಿಗಳ ಬಾಗಿಲಿನಲ್ಲಿ ನಿಲ್ಲಬೇಕಾಗಬಹುದು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಕರಾರನ್ನು ಇಬ್ಬರ ಹೆಸರಿನಲ್ಲಿ ಬರೆಸಬೇಕು. ಹೆಂಡತಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆಯಿದ್ದು, ಕೆಲವು ತಿಂಗಳ ವೆಚ್ಚಕ್ಕೆ ಸಾಕಾಗುವ ಹಣ ಅದರಲ್ಲಿರಬೇಕು. ಅಲ್ಲಿನ ವಕೀಲರ ಮೂಲಕ ಅಲ್ಲಿನ ಆಸ್ತಿಗೆ ಒಂದು ಉಯಿಲು ಬರೆಸಿ, ಅದರ ಪ್ರತಿ ಎಲ್ಲಿದೆಯೆಂದು ಮಕ್ಕಳಿಗೆ ತಿಳಿಸಬೇಕು.

ಆದಾಯವೂ ಎಂದಿನಂತೆಯೇ ಇರುವುದೆಂದು ನಂಬುವಂತಿಲ್ಲ. ಬ್ರಿಟನ್ನಿನ ಸರ್ಕಾರಿ ವೃದ್ಧಾಪ್ಯವೇತನ ಸ್ವದೇಶದಲ್ಲಿರುವವರಿಗೆ ವರ್ಷವರ್ಷವೂ ಏರುತ್ತದೆ. ಥಾಯ್ಲೆಂಡಿನಲ್ಲಿ ನೆಲಸಿದವರಿಗೆ ಏರುವುದಿಲ್ಲ. ಅಮೆರಿಕದ ಮೆಡಿಕೇರ್ ವಿಮೆ ಪರದೇಶದ ಆಸ್ಪತ್ರೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. 1997ರ ಜುಲೈನಲ್ಲಿ ಬಾತ್ ಕುಸಿದಾಗ ಡಾಲರು ತಂದವರಿಗೆ ಲಾಭವಾಯಿತು. 2016ರ ಜನಮತದ ತರುವಾಯ ಪೌಂಡು ಕುಸಿದಾಗ ಅದನ್ನೇ ನಂಬಿದ್ದ ವೃದ್ಧರ ಆದಾಯ ಇದ್ದಲ್ಲಿಯೇ ಕರಗಿತು. ಹಿಂದಿರುಗುವ ವೆಚ್ಚವನ್ನು ಬೇರೆಯಾಗಿ ತೆಗೆದಿಡದವರು ಇಂಥ ವೇಳೆ ಇರಲೂ ಆರದೆ ಹೋಗಲೂ ಆರದೆ ಸಿಕ್ಕಿಬೀಳುತ್ತಾರೆ.

ಅಗ್ಗದ ಮನೆ ಯಾವುದೆಂದು ಕೇಳಿದರೆ ಕಡಿಮೆ ಬಾಡಿಗೆಯದೆಂದು ನಾವು ಹೇಳಲಾರೆವು. ಒಬ್ಬರೇ ಉಳಿದಾಗಲೂ ಬಾಡಿಗೆ ಕೊಟ್ಟು ಇರಬಹುದಾದ, ಬೇಡವಾದರೆ ಒಂದು ತಿಂಗಳಲ್ಲಿ ಬೀಗ ಹಾಕಿ ಮಕ್ಕಳ ಬಳಿಗೆ ಹೊರಡಬಹುದಾದ ಮನೆಯೇ ನಿಜವಾಗಿ ಅಗ್ಗದ ಮನೆ. ಪರದೇಶದಲ್ಲಿರಲಿ ನಮ್ಮೂರಿನಲ್ಲಿರಲಿ, ಇಳಿವಯಸ್ಸಿನ ದಂಪತಿಗಳು ಒಂದು ಸಂಜೆ ಕೂಡಿ ಕುಳಿತು ಯಾವ ಕಾಗದ ಯಾರ ಹೆಸರಿನಲ್ಲಿದೆಯೆಂದು ನೋಡಿಕೊಳ್ಳಲಿ. ಆ ಮಾತನ್ನು ಆಡುವುದು ಅಶುಭವೆಂದು ಮುಂದೂಡುವುದು ಬೇಡ. ಜೊತೆಗಾರರ ಮೇಲಿನ ಅಕ್ಕರೆಯಿಂದಲೇ ಅದನ್ನು ಆಡಬೇಕು.