ನಿಮಗಿದು ಗೊತ್ತೇ? ಮಂಗಳೂರಿನ ದಕ್ಕೆ

ಇಂದು ಬಂಗುಡೆ, ಬೂತಾಯಿ ಮೀನಿನ ಬುಟ್ಟಿಗಳೇ ತುಂಬಿರುವ ಮಂಗಳೂರಿನ ಹಳೆ ಬಂದರಿನಿಂದ 12ನೇ ಶತಮಾನದಲ್ಲಿ ಮೆಣಸು ಕಡಲು ದಾಟುತ್ತಿತ್ತು. ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ವರ್ಷಗಟ್ಟಲೆ ಈ ಊರಲ್ಲಿದ್ದು ವ್ಯಾಪಾರ ಮಾಡಿದ. ಅವನ ಪತ್ರಗಳು ಸಿಕ್ಕಿದ್ದು ದೂರದ ಕೈರೋದಲ್ಲಿ. ಅವನ ಪರವಾಗಿ ಏಡನ್‌ವರೆಗೆ ಹೋಗಿಬರುತ್ತಿದ್ದ ತುಳುನಾಡಿನ ಬೊಮ್ಮನ ಹೆಸರೂ ಆ ಪತ್ರಗಳಲ್ಲಿ ಉಳಿದಿದೆ. ದೊರೆಗಳಷ್ಟೇ ಚರಿತ್ರೆಗೆ ಸೇರುತ್ತಾರೆ ಎನ್ನುವವರು ಬೊಮ್ಮನನ್ನು ನೆನೆಯಬೇಕು.

ಗುರುಪುರ ನದಿಯ ದಡದ ಈ ಬಂದರಿಗೆ ದೊಡ್ಡ ಹಡಗುಗಳು ಬರುವಷ್ಟು ಆಳವಿರಲಿಲ್ಲ. 1974ರಲ್ಲಿ ಪಣಂಬೂರಿನ ನವ ಮಂಗಳೂರು ಬಂದರಿಗೆ ಪ್ರಮುಖ ಬಂದರಿನ ಪಟ್ಟ ಸಿಕ್ಕಿತು. ಹಳೆ ಬಂದರಿಗೆ ಉಳಿದದ್ದು ಮೀನಿನ ಬೋಟುಗಳು, ಲಕ್ಷದ್ವೀಪಕ್ಕೆ ದಿನಸಿ ಒಯ್ಯುವ ಮಂಜಿ ಹಡಗುಗಳು.

ಅದೇ ದಶಕದಲ್ಲಿ ಕರಾವಳಿಯ ರಂಪಣಿ ಮರೆಯಾಗತೊಡಗಿತು. ದೋಣಿಯಲ್ಲಿ ಹೋಗಿ ಮೀನಿನ ಹಿಂಡಿನ ಸುತ್ತ ಉದ್ದನೆಯ ಬಲೆ ಬಿಟ್ಟು ಬರುವುದು, ಎರಡು ತುದಿಗಳನ್ನೂ ಹತ್ತಾರು ಜನ ಮರಳಿನಲ್ಲಿ ಕಾಲೂರಿ ದಡಕ್ಕೆಳೆಯುವುದು, ಬಂದದ್ದನ್ನು ಪಾಲು ಹಾಕಿಕೊಳ್ಳುವುದು: ಇದು ರಂಪಣಿ. ಆಮೇಲೆ ಪರ್ಸೀನ್ ಬೋಟು ಬಂತು. ಅದರ ಬಲೆಯ ಅಡಿಯಂಚಿನ ಬಳೆಗಳಲ್ಲಿ ಹಗ್ಗ ಪೋಣಿಸಿರುತ್ತಾರೆ. ಹಿಂಡನ್ನು ಸುತ್ತುವರಿದು ಹಗ್ಗ ಎಳೆದರೆ ಎಲೆಯಡಿಕೆ ಸಂಚಿಯ ಬಾಯಿಯಂತೆ ತಳ ಮುಚ್ಚಿಕೊಳ್ಳುತ್ತದೆ. ದಡಕ್ಕೆ ಬರಬೇಕಿದ್ದ ಮೀನು ನಡುಗಡಲಲ್ಲೇ ಸಿಕ್ಕಿತು. ಇಳುವರಿ ಏರಿತು ನಿಜ, ಆದರೆ ಊರಿಗೆ ಊರೇ ಹಗ್ಗ ಹಿಡಿಯುತ್ತಿದ್ದ ದುಡಿಮೆ ಹೋಯಿತು. ಆ ನಷ್ಟದ ಲೆಕ್ಕವನ್ನು ನಾವಿನ್ನೂ ಸರಿಯಾಗಿ ಬರೆದಿಟ್ಟಿಲ್ಲ.



ಹಳೆ ಬಂದರಿನ ದಕ್ಕೆಗೆ ಬರುವ ರಾಣಿ ಮೀನಿನ ಒಂದು ಪಾಲು ಕಾರ್ಖಾನೆ ಸೇರಿ ಸುರಿಮಿ ಎಂಬ ಮೀನಿನ ಮುದ್ದೆಯಾಗುತ್ತದೆ. ವಿದೇಶಗಳಲ್ಲಿ ಏಡಿಮಾಂಸದ ರುಚಿ ಬೆರೆಸಿ ಮಾರುವ ಕಡ್ಡಿಗಳಿಗೆ ಸುರಿಮಿಯೇ ಮೂಲ.

ಬೋಟಿನವರಿಗೆ ನಡುಗಡಲಿಗಿಂತ ಹೆಚ್ಚು ಭಯ ಅಳಿವೆಬಾಗಿಲಿನದು. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಲ್ಲಿ ಹೂಳು ಸರಿದಾಡುತ್ತಲೇ ಇರುತ್ತದೆ. ಮೀನು ತುಂಬಿಕೊಂಡು ದಕ್ಕೆಯ ಹತ್ತಿರಕ್ಕೇ ಬಂದ ಬೋಟುಗಳು ಅಲ್ಲಿ ಮಗುಚಿದ್ದುಂಟು. ಹೂಳೆತ್ತಿಸಿ ಎಂದು ಮೀನುಗಾರರು ಮತ್ತೆ ಮತ್ತೆ ಕೇಳುವುದು ಜೀವದ ಪ್ರಶ್ನೆಯಾದ್ದರಿಂದ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಹಲವು ಜಾತಿಯ ಮೀನುಗಳಿಗೆ ಇದು ಮೊಟ್ಟೆಯಿಡುವ ಕಾಲ. ಆಗ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ, ಅದೂ ಅಲೆ ಬಿಟ್ಟುಕೊಟ್ಟ ದಿನ.