ಕ್ಯಾಮೆರಾ ಯಾವ ಕಡೆ ಇದೆ?

ಮುಂಬಯಿಯಲ್ಲಿ ಕನ್ನಡ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ನನ್ನನ್ನು ಕಂಡವರ ಮೊದಲ ಪ್ರಶ್ನೆ ಒಂದೇ: "ವಾಂಖೆಡೆಗೆ ಎರಡು ಪಾಸ್ ಸಿಗಬಹುದಾ?" ಕ್ರೀಡಾ ಪ್ರಾಯೋಜಕತ್ವದ ಉದ್ಯಮದಲ್ಲಿ ಹದಿನಾರು ವರ್ಷ ದುಡಿದು ನಾನು ಗಳಿಸಿದ ಮರ್ಯಾದೆ ಇಷ್ಟು. ಹಾಗಾಗಿ ಕಳೆದ ತಿಂಗಳು ಡೊಂಬಿವಲಿಯ ಒಂದು ಊಟದ ಪಂಕ್ತಿಯಲ್ಲಿ ನಮ್ಮ ಊರ ಕಡೆಯ ಅಕ್ಕ ಒಬ್ಬರು ಪಕ್ಕದಲ್ಲಿ ಬಂದು ಕೂತಾಗ ಪಾಸಿನ ಉತ್ತರವನ್ನೇ ತಯಾರಿಟ್ಟುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಮಗ ಬಿ.ಕಾಂ. ಮುಗಿಸಿದ್ದಾನೆ ಮಾರಾಯ್ರೆ. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಮಾಡ್ತೇನೆ ಅಂತ ಹಟ. ಫೀಸು ಏಳು ಲಕ್ಷ. ಇವರ ಕ್ಯಾಂಟೀನಿನಿಂದ ಅಷ್ಟು ತೆಗೆಯುವುದು ಹೇಗೆ ಅಂತ ನಿಮಗೇ ಗೊತ್ತುಂಟಲ್ಲ. ಕಟ್ಟಬಹುದಾ, ಬೇಡವಾ? ನೀವು ಹೇಳಿದ ಹಾಗೆ."

"ನೀವು ಹೇಳಿದ ಹಾಗೆ" ಎಂದಾಗ ಪಾಯಸ ಗಂಟಲಲ್ಲೇ ನಿಂತಿತು.

ಹುಡುಗನನ್ನು ನಾನು ಬಲ್ಲೆ. 1983ರ ಸ್ಕೋರ್ ಕಾರ್ಡನ್ನು ಬಾಯಿಪಾಠ ಒಪ್ಪಿಸುವವನು. ನಮ್ಮ ಕೆಲಸಕ್ಕೆ ಅದು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ನಾವು ಆಟ ಮಾರುವುದಿಲ್ಲ. ಆಟದ ಸುತ್ತಲಿನ ಜಾಗ ಮಾರುತ್ತೇವೆ: ಅಂಗಿಯ ಎದೆ, ತೋಳು, ಬೌಂಡರಿ ಹಲಗೆ, ಆಟಗಾರನ ಎರಡು ಗಂಟೆ ಸಮಯ. ಮಾರಿದ ಮೇಲೆ, ಕೊಟ್ಟ ಹಣಕ್ಕೆ ಸಿಕ್ಕಿದ್ದೇನು ಎಂದು ಕಂಪನಿಗೆ ಲೆಕ್ಕ ಒಪ್ಪಿಸುತ್ತೇವೆ. ಕಷ್ಟ ಇರುವುದು ಈ ಎರಡನೆಯದರಲ್ಲಿ.

ಅದನ್ನು ನಾನು ಕಲಿತದ್ದು ಅವಮಾನದಿಂದ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಕಬಡ್ಡಿ ಪಂದ್ಯಾವಳಿಯ ಹೊಣೆ ಸಿಕ್ಕಿತ್ತು. ಕೇಬಲ್ ಟಿವಿಯಲ್ಲಿ ನೇರ ಪ್ರಸಾರ. ಪೈಪು, ಫಿಟ್ಟಿಂಗ್ ಮಾಡುವ ಒಂದು ಕಂಪನಿಯನ್ನು ಮೂರು ತಿಂಗಳು ಬೆನ್ನು ಹತ್ತಿ ಒಪ್ಪಿಸಿದ್ದೆ. ಅವರ ಹನ್ನೆರಡು ಹಲಗೆಗಳನ್ನು ರಾತ್ರಿ ನಾನೇ ನಿಂತು ಸಾಲಾಗಿ ಹಾಕಿಸಿದೆ. ಎದುರಿನ ಗ್ಯಾಲರಿಯಲ್ಲಿ ಕೂತು ನೋಡಿದರೆ ಕಣ್ಣಿಗೆ ಹಬ್ಬ. ಎರಡು ದಿನ ಕಳೆದು ಕಂಪನಿಯವರು ಫೋನ್ ಮಾಡಿದರು: "ಟಿವಿಯಲ್ಲಿ ನಮ್ಮ ಹೆಸರು ಒಮ್ಮೆಯೂ ಬರಲಿಲ್ಲವಲ್ಲ?" ಹಲಗೆ ಇದ್ದದ್ದು ಕ್ಯಾಮೆರಾದ ಬದಿಯಲ್ಲೇ. ಕ್ಯಾಮೆರಾ ತನ್ನ ಕಾಲ ಬುಡವನ್ನು ತೋರಿಸುವುದಿಲ್ಲ ಎಂಬಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಅವರು ಅರ್ಧ ಹಣ ಹಿಡಿದರು. ಬಾಸ್ ಬೈಯಲಿಲ್ಲ. ಆರು ತಿಂಗಳು ಪಂದ್ಯಗಳ ರೆಕಾರ್ಡಿಂಗ್ ಮುಂದೆ ಕೂರಿಸಿ, ಯಾವ ಲೋಗೋ ಎಷ್ಟು ಸೆಕೆಂಡ್ ಕಾಣುತ್ತದೆ ಎಂದು ಬರೆಸಿದರು. ಈಗ ಆ ಕೆಲಸವನ್ನು ಹೆಚ್ಚಾಗಿ ಸಾಫ್ಟ್‌ವೇರ್ ಮಾಡುತ್ತದೆ. ನನಗೆ ಮಾತ್ರ ಕಣ್ಣು ತೆರೆದದ್ದು ಆಗ.

2024ರ ಟಿ20 ವಿಶ್ವಕಪ್‌ನಲ್ಲಿ ನಮ್ಮ ಕೆಎಂಎಫ್ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕನಾಯಿತಲ್ಲ? ಸ್ಕಾಟ್ಲೆಂಡಿನ ಅಂಗಿಯ ಮೇಲೆ ಕನ್ನಡ ಅಕ್ಷರ ಕಂಡು ನಾವೆಲ್ಲ ವಾಟ್ಸಾಪ್‌ನಲ್ಲಿ ಕುಣಿದೆವು. "ಅಲ್ಲಿಯವರಿಗೆ ನಂದಿನಿ ಹಾಲು ಯಾಕೆ?" ಎಂದು ನಕ್ಕವರೂ ಇದ್ದರು. ಆದರೆ ಐರ್ಲೆಂಡ್ ಇದ್ದದ್ದು ಭಾರತದ ಗುಂಪಿನಲ್ಲಿ. ಜೂನ್ 5ರಂದು ನ್ಯೂಯಾರ್ಕಿನಲ್ಲಿ ಬೆಳಗ್ಗೆ ಆಟ ಶುರುವಾದಾಗ ಇಲ್ಲಿ ರಾತ್ರಿ ಎಂಟು ಗಂಟೆ, ಮನೆಮಂದಿಯೆಲ್ಲ ಟಿವಿ ಮುಂದೆ ಕೂರುವ ಹೊತ್ತು. ಐಸಿಸಿ ಪಂದ್ಯಗಳಲ್ಲಿ ಅಂಗಿಯ ಎದೆ ದೇಶದ ಹೆಸರಿಗೆ ಮೀಸಲು, ಪ್ರಾಯೋಜಕನಿಗೆ ಸಿಗುವುದು ತೋಳು. ಅದೂ ಬ್ಯಾಟರ್ ಬೌಲರ್ ಕಡೆ ಚಾಚುವ ತೋಳು, ಕ್ಯಾಮೆರಾ ಕಾಣುವುದು ಅದನ್ನೇ. ಭಾರತದ ಅಂಗಿಗೆ ಹಣ ಸುರಿಯದೆ ಭಾರತದ ನೋಡುಗರನ್ನು ತಲುಪುವ ದಾರಿ ಇದು. 2011ರಲ್ಲಿ ಅಮುಲ್ ನೆದರ್ಲೆಂಡ್ಸ್ ತಂಡದ ಕೈ ಹಿಡಿದದ್ದೂ ಇಂಥದೇ ದಾರಿಯಲ್ಲಿ.

ಹೀಗೆಲ್ಲ ಹೇಳಿದರೆ ಹುಡುಗನ ಉತ್ಸಾಹ ಇನ್ನೂ ಏರುತ್ತದೆ. ಆದ್ದರಿಂದ 2025ರ ಆಗಸ್ಟನ್ನೂ ಹೇಳಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. 358 ಕೋಟಿ ರೂಪಾಯಿಯ ಡ್ರೀಮ್ ಇಲೆವೆನ್ ಒಪ್ಪಂದ ಅರ್ಧದಲ್ಲೇ ಮುಗಿದು, ಭಾರತ ತಂಡ ಏಷ್ಯಾ ಕಪ್ಪನ್ನು ಪ್ರಾಯೋಜಕನ ಹೆಸರಿಲ್ಲದ ಅಂಗಿಯಲ್ಲಿ ಆಡಿತು. ಬಿಸಿಸಿಐಗೇನು, ಅದೇ ಸೆಪ್ಟೆಂಬರಿನಲ್ಲಿ ಅಪೊಲೊ ಟೈರ್ಸ್ 579 ಕೋಟಿಗೆ ಬಂತು. ಅಂಧೇರಿಯ ನಮ್ಮ ಸಣ್ಣ ಆಫೀಸಿಗೆ ಯಾವ ಟೈರೂ ಬರಲಿಲ್ಲ. ನಮ್ಮ ಐದು ಒಪ್ಪಂದಗಳಲ್ಲಿ ಎರಡು ಗೇಮಿಂಗ್ ಕಂಪನಿಗಳವು. ಹನ್ನೊಂದು ಜನರಲ್ಲಿ ಮೂವರನ್ನು ಕಳಿಸಬೇಕಾಯಿತು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೂವರಲ್ಲಿ ಒಬ್ಬಳು ಇಂಥದೇ ಕೋರ್ಸಿಗೆ ಸಾಲ ಮಾಡಿ ಓದಿದವಳು, ಕಂತು ಇನ್ನೂ ನಡೆಯುತ್ತಿತ್ತು. ಅಕ್ಕ ಏಳು ಲಕ್ಷ ಎಂದಾಗ ನನಗೆ ನೆನಪಾದದ್ದು ಅವಳ ಮುಖ.

ಕೋರ್ಸಿನಿಂದ ಪ್ರಯೋಜನ ಇಲ್ಲ ಎನ್ನುವುದಿಲ್ಲ. ಇಂಟರ್ನ್‌ಶಿಪ್ಪಿಗೆ ಬಾಗಿಲು ತೆರೆಸುತ್ತದೆ, ನಾಲ್ಕು ಜನರ ಪರಿಚಯ ಮಾಡಿಸುತ್ತದೆ. ಬಾಗಿಲ ಒಳಗೆ ಹೋದವನಿಗೆ ಶುರುವಿನಲ್ಲಿ ಸಿಗುವ ಸಂಬಳದಲ್ಲಿ ಮುಂಬಯಿಯ ಬಾಡಿಗೆ ಕಳೆದರೆ ಉಳಿಯುವುದು ಲೋಕಲ್ ಪಾಸಿನ ಹಣ. ಪಂದ್ಯ ಇರುವುದು ಶನಿವಾರ, ಭಾನುವಾರ, ಹಬ್ಬದ ದಿನ. ನನ್ನ ಮಗಳ ಮೂರು ಹುಟ್ಟುಹಬ್ಬ ಐಪಿಎಲ್‌ಗೆ ಹೋದವು. ಇನ್ನು ಕನ್ನಡ ಬಂದರೆ ಲಾಭ ಉಂಟಾ ಎಂದರೆ, ಉಂಟು. ಬೆಂಗಳೂರಿನ ಕಂಪನಿಗಳ ಜೊತೆಗಿನ ಮಾತು ಎಷ್ಟೋ ಸಲ ಇಂಗ್ಲಿಷಿನಲ್ಲಿ ಶುರುವಾಗಿ ಕನ್ನಡದಲ್ಲಿ ಕುದುರಿದೆ.

ಅಕ್ಕನಿಗೆ ಆ ದಿನ ಹೌದು, ಇಲ್ಲ ಎರಡೂ ಹೇಳಲಿಲ್ಲ. ಹುಡುಗನನ್ನು ಭಾನುವಾರ ಮನೆಗೆ ಕರೆದೆ. ಹಳೆಯ ಒಂದು ಪಂದ್ಯದ ರೆಕಾರ್ಡಿಂಗ್, ಖಾಲಿ ಹಾಳೆ ಕೊಟ್ಟು, ಒಂದೇ ಲೋಗೋ ಹಿಡಿದು ಸೆಕೆಂಡ್ ಬರೆದು ತಾ ಎಂದೆ. ಮೂರು ದಿನ ಸುದ್ದಿ ಇಲ್ಲ. ನಾಲ್ಕನೆಯ ದಿನ ಅಕ್ಕನ ಫೋನು: "ಎಂಥ ಹೇಳಿದ್ದೀರಿ ಅವನಿಗೆ? ಊಟಕ್ಕೂ ಏಳುವುದಿಲ್ಲ. ಫೀಸಿನ ಕೊನೇ ದಿನ ಹದಿನೈದು."

ಆ ರಾತ್ರಿ ಹಾಳೆ ವಾಟ್ಸಾಪ್‌ನಲ್ಲಿ ಬಂತು. ಕೂಡಿದ್ದು ಎರಡು ಕಡೆ ತಪ್ಪಿತ್ತು. ಕೆಳಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ: "ಅಂಕಲ್, ಕ್ಯಾಮೆರಾ ಬದಿಯ ಹಲಗೆಗಳು ಕಾಣಿಸುವುದೇ ಅಪರೂಪ. ಅದನ್ನು ದುಡ್ಡು ಕೊಟ್ಟು ತಗೊಳ್ಳುವವರು ಯಾರು?"

ಇವತ್ತು ಹನ್ನೆರಡು. ಅಕ್ಕನಿಗೆ ಇನ್ನೂ ಫೋನ್ ಮಾಡಿಲ್ಲ.